ಹದಿನಾಲ್ಕನೇ ನಂಬರಿನ ಹಾಜರಿ

ಹಾಸ್ಟೆಲಿನವರೆಲ್ಲ ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಅವಳ ಒಂದೇ ಗಂಟಲಿನಲ್ಲಿ ನಾಲ್ಕು ಜನ ಬಿಡಾರ ಹೂಡಿದ್ದರು. ವಿಶ್ವವಿದ್ಯಾಲಯದ ತರಗತಿಯಲ್ಲಿ ಅವಳ ನಂಬರು ಹದಿನಾಲ್ಕು. ಹನ್ನೊಂದು, ಹನ್ನೆರಡು, ಹದಿಮೂರು ಅವಳ ಕೋಣೆಯ ಗೆಳತಿಯರು: ಉದ್ದಕ್ಕ, ಕನ್ನಡಿ, ನಿದ್ದೆಗಣ್ಣಿ. ಬೆಳಗಿನ ಎಂಟರ ತರಗತಿಗೆ ಅವಳು ಹೊರಟಾಗ ಮೂರು ಹೊದಿಕೆಗಳೊಳಗಿಂದ ಒಂದೇ ಪ್ರಾರ್ಥನೆ ಬರುತ್ತಿತ್ತು.

"ನಮ್ ಹಾಜರೀನೂ ಹೇಳ್ಬಿಡೇ, ಮಹಾತಾಯಿ!"

ಮಹಾತಾಯಿ ಒಬ್ಬಳೇ ದಂಡೆತ್ತಿ ಹೋಗುತ್ತಿದ್ದಳು. ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿದವರಲ್ಲ. ನಂಬರು ಕೂಗುತ್ತ ರೈಲು ಬಿಟ್ಟಂತೆ ಸಾಗುತ್ತಿದ್ದರು. ಹನ್ನೊಂದಕ್ಕೆ ದಪ್ಪ ದನಿ, ಹನ್ನೆರಡಕ್ಕೆ ಸಣ್ಣ ದನಿ. ದಾಸ್ತಾನು ಮುಗಿದದ್ದರಿಂದ ಹದಿಮೂರಕ್ಕೆ ಕೆಮ್ಮು ಬೆರೆಸಿದ ದನಿ. ಆ ಕೆಮ್ಮೋ, ಒಮ್ಮೆ ಹೊರಟಿತೆಂದರೆ ಯಾರಪ್ಪನ ಮಾತನ್ನೂ ಕೇಳುತ್ತಿರಲಿಲ್ಲ. ಅದನ್ನು ನುಂಗಿ, ಉಸಿರೆಳೆದು, ತನ್ನ ಸ್ವಂತ ದನಿಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಮೇಷ್ಟ್ರು ಹದಿನಾರು ದಾಟಿರುತ್ತಿದ್ದರು. ಆಮೇಲೆ ಎದ್ದು ಹೇಳೋಣವೆಂದರೆ, ಅವರು ತಲೆ ಎತ್ತಿಬಿಟ್ಟರೆ? ನಾಳೆ ಹೇಳಿದರಾಯಿತು ಎಂದು ದಿನವೂ ಸುಮ್ಮನಾಗುತ್ತಿದ್ದಳು.

ಪರೀಕ್ಷೆಗೆ ವಾರವಿದ್ದಾಗ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಿತ್ತು. ಹಾಜರಿ ಸಾಲದೆ ಹಾಲ್ ಟಿಕೆಟ್ ಸಿಗದವರಲ್ಲಿ ಹದಿನಾಲ್ಕನೇ ನಂಬರೂ ಇತ್ತು. ಪಕ್ಕದ ಹಾಳೆಯಲ್ಲಿ ಶೇಕಡ ತೊಂಬತ್ತು ದಾಟಿದ ಪುಣ್ಯವಂತರು, ಇಡೀ ತರಗತಿಗೆ ಮೂವರೇ: ಹನ್ನೊಂದು, ಹನ್ನೆರಡು, ಹದಿಮೂರು.

ರೇಡಿಯೋ ಅದನ್ನು ಮೂರು ಸಲ ಓದಿದಳು. ವರ್ಷವಿಡೀ ಬಂದದ್ದು ತಾನೋ, ಅವರೋ? ನೇರ ಮೇಷ್ಟ್ರ ಕೋಣೆಗೆ ಓಡಿದಳು.

"ಸರ್, ನಾನು ದಿನಾ ಬಂದಿದ್ದೀನಿ ಸರ್." ಗಾಬರಿಗೆ ಕೆಮ್ಮು ಬಂತು.

ಮೇಷ್ಟ್ರ ತಲೆ ಏಳಲಿಲ್ಲ, ಕಿವಿ ನಿಮಿರಿತು. "ಹದಿಮೂರಲ್ವೇನಮ್ಮಾ? ಇನ್ನೂ ವಾಸಿ ಆಗಿಲ್ವಾ? ಬಿಸಿನೀರು ಕುಡಿ."

"ಅಲ್ಲ ಸರ್, ಹದಿನಾಲ್ಕು."

"ಹದಿನಾಲ್ಕಾ? ಆ ದನೀನೇ ನಾನು ಕೇಳಿಲ್ಲ. ಆಫೀಸಲ್ಲಿ ವಿಚಾರಿಸು."

ನಿಜ ಹೇಳಿದರೆ ಮೂವರ ಪರೀಕ್ಷೆ ಮುಳುಗುತ್ತದೆ, ಹೇಳದಿದ್ದರೆ ತನ್ನದು. ಆಫೀಸಿನ ಗುಮಾಸ್ತರು ಕನ್ನಡಕ ಒರೆಸುತ್ತ ದಾರಿ ತೋರಿಸಿದರು: "ತೊಂಬತ್ತು ದಾಟಿದ ಮೂವರು ಬಂದು, ಇವಳನ್ನ ದಿನಾ ಕ್ಲಾಸಲ್ಲಿ ನೋಡಿದ್ದೀವಿ ಅಂತ ಬರ್ದು ಕೊಡ್ಲಿ. ಇಲ್ದಿದ್ರೆ ಮುಂದಿನ ವರ್ಷ ಬಾ."

ಸುದ್ದಿ ಕೇಳಿದ ನಿದ್ದೆಗಣ್ಣಿಗೆ ಜೀವನದಲ್ಲಿ ಮೊದಲ ಬಾರಿ ಎಚ್ಚರವಾಯಿತು. "ಸುಳ್ಳು ಸಾಕ್ಷಿ ನನ್ನ ಕೈಲಾಗಲ್ಲಪ್ಪ!"

"ನಾನು ಹೋಗಿದ್ದು ಸುಳ್ಳೇನೇ?"

"ನೀನು ಹೋಗಿದ್ದು ನಿಜಾನೇ ಕಣೇ. ನಾವು ನೋಡಿದ್ದು ಸುಳ್ಳಲ್ವಾ?" ಎಂದಳು ಕನ್ನಡಿ, ಜಡೆ ಹೆಣೆಯುತ್ತ.

ಉದ್ದಕ್ಕ ಮಂಚದಿಂದ ಕಾಲು ಇಳಿಬಿಟ್ಟು ತೀರ್ಪು ಕೊಟ್ಟಳು. "ಸುಮ್ನಿರ್ರೇ. ನಾವು ದಿನಾ ಹಾಜರಿದ್ವಿ ಅಂತ ಪುಸ್ತಕಾನೇ ಹೇಳುತ್ತೆ. ಹಾಜರಿದ್ಮೇಲೆ ನೋಡಿರಲೇಬೇಕು. ನಡೀರಿ."

ಮೂವರೂ ಸಹಿ ಹಾಕಿದರು. ಗುಮಾಸ್ತರು ಬಿಡಬೇಕಲ್ಲ? "ಎಲ್ಲಿ ಕೂರ್ತಾಳೆ ಇವ್ಳು?"

"ಮುಂದಿನ ಬೆಂಚು," ಎಂದಳು ಉದ್ದಕ್ಕ.

"ಕೊನೇದು," ಎಂದಳು ಕನ್ನಡಿ.

"ಕಿಟಕಿ ಹತ್ರ," ಎಂದಳು ನಿದ್ದೆಗಣ್ಣಿ.

ರೇಡಿಯೋ ಕಣ್ಣು ಮುಚ್ಚಿಕೊಂಡಳು. ಗುಮಾಸ್ತರು ಮಾತ್ರ ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. "ಹಿಂಗೆ ಊರೆಲ್ಲ ಅಲೀತಿದ್ರೆ ಹಾಜರಿ ಎಲ್ಲಿ ಬೀಳುತ್ತಮ್ಮಾ? ಒಂದ್ಕಡೆ ಕೂತು ಪಾಠ ಕೇಳೋದನ್ನ ಈ ಮೂವರನ್ನ ನೋಡಿ ಕಲಿ." ಹಾಲ್ ಟಿಕೆಟ್ಟಿಗೆ ಠಪ್ಪೆಂದು ಮುದ್ರೆ ಬಿತ್ತು.

"ಆಯ್ತು ಸರ್," ಎಂದಳು ರೇಡಿಯೋ. ಮೂವರೂ ವಿನಯದಿಂದ ತಲೆ ತಗ್ಗಿಸಿದರು.

ಮೆಟ್ಟಿಲಿಳಿಯುವಾಗ ಉದ್ದಕ್ಕ ಕೇಳಿದಳು. "ಅದ್ಸರಿ, ನಿಜವಾಗ್ಲೂ ಎಲ್ಲೇ ಕೂರ್ತಿದ್ದೆ?"

ರೇಡಿಯೋ ನಿಂತಳು. ಹಾಲ್ ಟಿಕೆಟ್ಟಿನಲ್ಲಿದ್ದ ತನ್ನ ಭಾವಚಿತ್ರವನ್ನೊಮ್ಮೆ ದಿಟ್ಟಿಸಿದಳು.

"ಮೂರನೇ ಬೆಂಚು," ಎಂದಳು. ಒಂದು ಮೆಟ್ಟಿಲು ಇಳಿದು, "ಅನ್ಸುತ್ತೆ."