ಎಂಟು ಎಂಜಿನ್ನುಗಳಿಗೆ ತವರಾದ ಬೆಳ್ಳಮ್ಮ

ಅರಸೀಕೆರೆ ಕಡೆಯ ಮೊದಲ ರೈಲು ಕೃಷ್ಣರಾಜನಗರದ ನಿಲ್ದಾಣದಲ್ಲಿ ಕೂಗು ಹಾಕುವ ಹೊತ್ತಿಗೆ ಬೆಳ್ಳಮ್ಮನವರ ಎಂಟು ಎಂಜಿನ್ನುಗಳಲ್ಲಿ ಐದು ಓಡಿ ಮುಗಿದಿರುತ್ತವೆ. ನಗಬೇಡಿ. ಗೇಣುದ್ದದ ಹಿತ್ತಾಳೆ ಎಂಜಿನ್ನುಗಳು ಅವು. ಊರಿನ ಖಾಸಗಿ ತರಬೇತಿ ಶಾಲೆಯೊಂದರ ಕೋಣೆಯಲ್ಲಿ, ಹದಿನಾರು ಅಡಿ ಮೇಜಿನ ಮೇಲೆ ಓಡುತ್ತವೆ. ರೈಲ್ವೆ ಕೆಲಸದ ಪರೀಕ್ಷೆಗೆ ಕೂರುವವರು ಯಾವ ಗಾಡಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂದು ಕಲಿಯುವುದು ಈ ಮೇಜಿನ ಮೇಲೆಯೇ. ಶಾಲೆಯ ಹೆಸರು ಬರೆಯುವ ಆಸೆ ನನಗೆ ಬಹಳವಿತ್ತು. ಬೆಳ್ಳಮ್ಮನವರೇ ತಡೆದರು. "ಮಕ್ಳು ಕಲಿಯೋ ಜಾಗ ಕಣ್ರೀ, ಎಸ್ರು ಕೆಡಿಸ್ಬ್ಯಾಡಿ," ಎಂದರು.

ಮೊದಲು ಪೊರಕೆ. ಒಣ ಪೊರಕೆ, ನೀರಿನ ಮಾತೇ ಇಲ್ಲ. ಗುಡಿಸಿದ್ದನ್ನು ಹೊರಗೆ ಎಸೆಯುವುದಿಲ್ಲ, ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿಯುತ್ತಾರೆ. ಇಂದಿನದು, ನಿನ್ನೆಯದು, ಮೊನ್ನೆಯದು ಎಂದು ಮೂರು ಡಬ್ಬಿ. ನಾಲ್ಕನೇ ದಿನಕ್ಕೆ ಹಳೆಯದು ತಿಪ್ಪೆಗೆ. "ಇಷ್ಟು ಸಣ್ಣ ಎಂಜಿನ್ನು. ಒಂದು ತಿರುಪು ಬಿದ್ರೂ ಕಸದಲ್ಲೇ ಬೀಳ್ಬೇಕು ತಾನೆ? ಕಾಯಿಲೆ ಕಾಣಕ್ಕೆ ಮೂರು ದಿನ ಬೇಕಾಯ್ತದೆ. ಅಲ್ಲೀಗಂಟ ಕಸ ನನ್ ತಾವ ಇರ್ಲಿ." ಆಮೇಲೆ ನಲವತ್ತೆಂಟು ಗಾಲಿಗಳನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಎಂಜಿನ್ನನ್ನು ಎರಡು ಸುತ್ತು ಓಡಿಸುತ್ತಾರೆ. ಎಂಟೂವರೆಗೆ ಮೇಷ್ಟ್ರು ಬರುವಾಗ ಎಲ್ಲ ಸಿದ್ಧ. ಮೇಷ್ಟ್ರ ಪಾಲಿಗೆ ಅವು ತಾವಾಗಿಯೇ ಓಡುತ್ತವೆ.

ಹಾಜರಿ ಪುಸ್ತಕದಲ್ಲಿ ಬೆಳ್ಳಮ್ಮನವರ ಹುದ್ದೆ "ಕಸ ಗುಡಿಸುವವಳು". ಹನ್ನೊಂದು ವರ್ಷದಿಂದ ಅದೇ. ಹುಟ್ಟಿದ್ದು ಹೆಗ್ಗಡದೇವನಕೋಟೆಯ ಅಂತರಸಂತೆ ಪಕ್ಕದ ಆದಿವಾಸಿ ಹಾಡಿಯಲ್ಲಿ. ಗಂಡ ತೀರಿಕೊಂಡ ಮೇಲೆ ಕೂಲಿ ಹುಡುಕಿಕೊಂಡು ಕೃಷ್ಣರಾಜನಗರಕ್ಕೆ ಬಂದರು. ಶಾಲೆಗೆ ಸೇರಿದ ವರ್ಷವೇ ಈ ಮೇಜು ತಯಾರಾಗುತ್ತಿತ್ತು. ತಯಾರಿಸುತ್ತಿದ್ದವರು ರೈಲ್ವೆಯಿಂದ ನಿವೃತ್ತರಾದ ಸಾಲಿಗ್ರಾಮದ ಮಹದೇವಯ್ಯನವರು. ಅವರ ಕೈ ನಡುಗುತ್ತಿತ್ತು. ಬೆಸುಗೆ ಹಾಕುವಾಗ ತಂತಿ ಹಿಡಿಯಲು ಜನ ಬೇಕಿತ್ತು. ಗುಡಿಸುತ್ತಿದ್ದ ಹೆಣ್ಣುಮಗಳನ್ನು ಕರೆದರು.

ಹಿಡಿಯುತ್ತ ಹಿಡಿಯುತ್ತ ಬೆಳ್ಳಮ್ಮ ಬೆಸುಗೆಯನ್ನೂ ಕಲಿತರು. ಅಕ್ಷರ ಬಾರದು, ಆದರೆ ಈ ಕೆಲಸದ ಸಣ್ಣ ಬಿಡಿಭಾಗಗಳ ಮೈಮೇಲೆ ಇರುವುದು ಬಣ್ಣದ ಪಟ್ಟೆಗಳು. ಕೆಂಪಿಗೆ ಎರಡು, ಹಳದಿಗೆ ನಾಲ್ಕು ಎಂದು ಲೆಕ್ಕ. "ಬಣ್ಣ ಓದಕ್ಕೆ ಯಾವ ಸ್ಕೂಲಿಗೆ ಓಗ್ಬೇಕು?" ಎಂದು ನಗುತ್ತಾರೆ.

ಆರು ವರ್ಷದ ಹಿಂದೆ ಮಹದೇವಯ್ಯನವರು ಇನ್ನೊಂದು ಚಮತ್ಕಾರ ಮಾಡಿದರು. ಮೇಜಿನ ಕಂಬಿಗಳಲ್ಲೆಲ್ಲ ಹರಿಯುವುದು ಒಂದೇ ಕರೆಂಟು. ಹಾಗಾದರೆ ಎಂಟೂ ಎಂಜಿನ್ನು ಒಟ್ಟಿಗೇ ಓಡಬೇಕಲ್ಲ? ಓಡುವುದಿಲ್ಲ. ಕರೆಂಟಿನ ಜೊತೆ ಸಣ್ಣ ಸಣ್ಣ ಮಿಡಿತ ಕಳಿಸುತ್ತಾರೆ. ಮೂರು ಮಿಡಿತ ಬಂದರೆ ಮೂರನೆಯದು ಮಾತ್ರ ಹೊರಡಬೇಕು. ಆ ಮಿಡಿತ ಎಣಿಸಲು ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ. ಬೆಂಗಳೂರಿನಿಂದ ಟ್ರಾನ್ಸಿಸ್ಟರ್ ತಂದು ಒಂದು ಪೆಟ್ಟಿಗೆ ಮಾಡಲು ಇಬ್ಬರಿಗೂ ತಿಂಗಳು ಹಿಡಿಯುತ್ತಿತ್ತು. ಎಂಟು ಎಂಜಿನ್ನಿಗೆ ಎಂಟು, ಕೈಯಲ್ಲಿ ಮೂರು ಹೆಚ್ಚಿಗೆ.

ಎಂಜಿನ್ನು ನಿಂತರೆ ಎಲ್ಲರೂ ಬೈಯುವುದು ಈ ಪೆಟ್ಟಿಗೆಯನ್ನೇ. ಬೆಳ್ಳಮ್ಮ ಬೈಯುವುದಿಲ್ಲ. ಅವರ ಬಳಿ ಒಂದು ಹಲಗೆ ಇದೆ. ಅದರ ಮೇಲೆ ಬ್ಯಾಟರಿ, ಮಿಡಿತ ಕೊಡುವ ಗುಂಡಿ, ಮೋಟಾರಿನ ಬದಲು ಪುಟ್ಟ ಬಲ್ಬು. ಪೆಟ್ಟಿಗೆ ಬಿಚ್ಚಿ ತಂದು ಇಲ್ಲಿ ಸೇರಿಸಿ, ಅದರ ಸಂಖ್ಯೆಯಷ್ಟು ಮಿಡಿತ ಕೊಟ್ಟರೆ ಬಲ್ಬು ಹತ್ತಬೇಕು. ಹಲಗೆಗೆ ಅವರಿಟ್ಟ ಹೆಸರು ತವರುಮನೆ. "ಸೊಸೆ ಅತ್ತೆಮನೇಲಿ ಅಳ್ತಾವ್ಳೆ ಅನ್ನಿ. ತವರಿಗೆ ಕರ್ಕಬಂದು ನೋಡ್ಬೇಕು. ಇಲ್ಲೂ ಅತ್ರೆ ಕಾಯಿಲೆ ಅವಳ್ದು. ಇಲ್ಲಿ ನಗ್ತಾವ್ಳೆ ಅಂದ್ರೆ ಕಾಯಿಲೆ ಅತ್ತೆಮನೇದು. ಇಷ್ಟೇ ಕಣ್ರೀ ನನ್ ಇದ್ಯೆ." ಹತ್ತರಲ್ಲಿ ಏಳು ಸಲ ಕಾಯಿಲೆ ಅತ್ತೆಮನೆಯದೇ ಆಗಿರುತ್ತದಂತೆ. ಗಾಲಿಗೆ ಮೆತ್ತಿದ ಜಿಡ್ಡು, ಸಡಿಲಾದ ತಂತಿ, ಹೀಗೆ.

ಕಳೆದ ವರ್ಷ ಮಹದೇವಯ್ಯನವರು ಕಣ್ಣಿಗೆ ಪೊರೆ ಬಂದು ಊರು ಸೇರಿದರು. ಅವರ ಜಾಗಕ್ಕೆ ಬೆಳ್ಳಮ್ಮನವರನ್ನು ಕೇಳುವವರುಂಟೇ? ಡಿಪ್ಲೊಮಾ ಇರುವ ಕರಿಯಪ್ಪ ಮೇಷ್ಟ್ರು ಬಂದರು. ಓದಿದ ಮನುಷ್ಯ, ಕೆಟ್ಟವರೇನಲ್ಲ ಎನ್ನುತ್ತಾರೆ ಬೆಳ್ಳಮ್ಮ. ಅವರ ಔದಾರ್ಯ ಅವರಿಗಿರಲಿ. ಈ ಆಯುಧಪೂಜೆಯಲ್ಲಿ ನಡೆದದ್ದನ್ನು ಕೇಳಿ, ಆಮೇಲೆ ಹೇಳಿ.

ಪೂಜೆಯ ನಾಲ್ಕನೇ ದಿನ ಬೆಂಗಳೂರಿನಿಂದ ದೊಡ್ಡ ಮಂದಿ ಶಾಲೆ ನೋಡಲು ಬರುವವರಿದ್ದರು. ಹಿತ್ತಾಳೆ ಥಳಥಳ ಹೊಳೆಯಲಿ ಎಂದು ಮೇಷ್ಟ್ರು ನಾಲ್ಕನೇ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹುಣಿಸೇಹಣ್ಣಿನಲ್ಲಿ ತಿಕ್ಕಿಸಿದರು. ಮೋಟಾರಿನ ಅಡಿಯಲ್ಲಿ ಕಂದು ಬಣ್ಣದ ರಟ್ಟಿನ ಚೂರೊಂದು ಅಂಟಿಕೊಂಡಿತ್ತು. ಕೊಳೆ ಎಂದು ಕೆರೆದು ಬಿಸಾಡಿದರು. ವಿಭೂತಿ ಬಳಿದು, ಕುಂಕುಮ ಇಟ್ಟು, ಮಂಗಳಾರತಿ ಎತ್ತಿದರು. ಪೂಜೆಯ ಮರುದಿನ ಓಡಿಸಿದರೆ ಎಂಜಿನ್ನು ಹೊಗೆಯಾಡಿ ನಿಂತಿತು.

ಪೆಟ್ಟಿಗೆ ಸುಟ್ಟಿದೆ ಎಂದು ಮೇಷ್ಟ್ರು ಹೊಸ ಪೆಟ್ಟಿಗೆ ಹಾಕಿದರು. ಅದೂ ಸುಟ್ಟಿತು. ಇನ್ನೊಂದು ಹಾಕಿದರು, ಅದೂ ಹೋಯಿತು. "ಮೇಷ್ಟ್ರೇ, ತವರಲ್ಲಿ ಒಂದ್ಸಲ ನೋಡನ ಬುಡಿ, ಅಂಗೇ ತುರುಕ್ಬ್ಯಾಡಿ ಅಂದೆ. ಪೊರಕೆ ಇಡಿಯೋ ಕೈಗೆ ಇದೆಲ್ಲ ಯಾಕೆ ಅಂದ್ರು," ಎಂದು ಬೆಳ್ಳಮ್ಮ ನೆನೆಯುತ್ತಾರೆ. ಮೂರನೆಯ ಪೆಟ್ಟಿಗೆಯೂ ಬೂದಿ. ಎಂಜಿನ್ನಿನಲ್ಲಿ ಮೊದಲಿದ್ದದ್ದೂ ಸೇರಿ ನಾಲ್ಕು ತಿಂಗಳ ದುಡಿಮೆ ಅರ್ಧ ಗಂಟೆಯಲ್ಲಿ ಹೊಗೆಯಾಯಿತು. ಅವರ ಕಣ್ಣೆದುರಿಗೇ, ಅವರು ಬೇಡ ಬೇಡ ಅನ್ನುತ್ತಿರುವಾಗಲೇ! ಹೊಟ್ಟೆ ಉರಿಯುವುದಿಲ್ಲವೇ?

ದೊಡ್ಡವರು ಬರುವ ಹಿಂದಿನ ಮಧ್ಯಾಹ್ನ ಪ್ರಿನ್ಸಿಪಾಲರಿಗೆ ಬೆಳ್ಳಮ್ಮನ ನೆನಪಾಯಿತು. "ಏನಾದರೂ ಮಾಡು," ಎಂದರು. ಬೆಳ್ಳಮ್ಮ ಸುಟ್ಟ ಪೆಟ್ಟಿಗೆಗಳಲ್ಲಿ ಉಳಿದಿದ್ದ ಬಿಡಿಭಾಗಗಳನ್ನು ಆಯ್ದು ಒಂದು ಪೆಟ್ಟಿಗೆ ಕೂಡಿಸಿದರು. ತವರುಮನೆಯಲ್ಲಿ ಬಲ್ಬು ಹತ್ತಿತು. ಆದರೆ ಎಂಜಿನ್ನಿಗೆ ಹಾಕಲಿಲ್ಲ. ಹಲಗೆಯ ಬ್ಯಾಟರಿಗೆ ಸೇರಿಸಿದ ಅದೇ ಬಲ್ಬಿನ ಒಂದು ತಂತಿಯನ್ನು ಮೋಟಾರಿಗೂ ಇನ್ನೊಂದನ್ನು ಎಂಜಿನ್ನಿನ ಹಿತ್ತಾಳೆ ಮೈಗೂ ಮುಟ್ಟಿಸಿದರು. ಮೋಟಾರೂ ಮೈಯೂ ಬೇರೆ ಬೇರೆ ಇದ್ದರೆ ಬಲ್ಬು ಹತ್ತಬಾರದು. ಹತ್ತಿತು. ಮೋಟಾರು ಮೈಗೆ ತಗುಲಿದೆ, ಕರೆಂಟು ಪೆಟ್ಟಿಗೆಗೆ ನೇರವಾಗಿ ನುಗ್ಗುತ್ತಿದೆ. ಇನ್ನೂ ಮೂವತ್ತು ಪೆಟ್ಟಿಗೆ ಹಾಕಿದ್ದರೂ ಮೂವತ್ತೂ ಸುಡುತ್ತಿದ್ದವು.

ಮೊನ್ನೆಯ ಕಸದ ಡಬ್ಬಿ ಸುರಿದರು. ವಿಭೂತಿ ಮೆತ್ತಿದ ಆ ಕಂದು ಚೂರು ಅದರಲ್ಲೇ ಇತ್ತು. ಮೋಟಾರನ್ನೂ ಹಿತ್ತಾಳೆಯನ್ನೂ ಬೇರೆ ಇಡಲೆಂದೇ ಮಹದೇವಯ್ಯನವರು ಅಂಟಿಸಿದ್ದ ಚೂರು ಅದು. ಒರೆಸಿ, ಒಣಗಿಸಿ, ಜಾಗಕ್ಕೆ ಕೂರಿಸಿದರು. ಮರುದಿನ ನಾಲ್ಕನೇ ಎಂಜಿನ್ನು ದೊಡ್ಡವರ ಮುಂದೆ ಹದಿನೈದು ಸುತ್ತು ಓಡಿತು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಕರಿಯಪ್ಪ ಮೇಷ್ಟ್ರಿಗೆ! ಆಗ ಬೆಳ್ಳಮ್ಮ ಹಿತ್ತಲಲ್ಲಿ ಕಾಫಿ ಲೋಟ ತೊಳೆಯುತ್ತಿದ್ದರು.

ಕಥೆ ಇಲ್ಲಿಗೆ ನಿಂತಿದ್ದರೆ, ಇದೆಲ್ಲ ಲೋಕದಲ್ಲಿ ಇದ್ದದ್ದೇ ಎಂದು ಸುಮ್ಮನಾಗಬಹುದಿತ್ತು. ಸ್ಟಾಕ್ ಪುಸ್ತಕದಲ್ಲಿ ನಾಲ್ಕು ಪೆಟ್ಟಿಗೆ ಸುಟ್ಟದ್ದಕ್ಕೆ ಕಾರಣ ಬರೆಯಬೇಕಲ್ಲ? ಮೇಷ್ಟ್ರು ಬರೆದರು: ಕಸ ಗುಡಿಸುವವಳು ಮೇಜಿನ ಮೇಲೆ ನೀರು ಚೆಲ್ಲಿದ್ದರಿಂದ. ಈಗ ಒಂದು ಮೆಮೋ ತಯಾರಾಗಿದೆ. ತಪ್ಪು ಒಪ್ಪಿಕೊಂಡು ನಾಳೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಅಂಗಳ ಗುಡಿಸಿಕೊಂಡಿರಬಹುದು, ಮೇಜಿನ ಕೋಣೆಗೆ ಕಾಲಿಡುವಂತಿಲ್ಲ. ಒತ್ತದಿದ್ದರೆ ಕೆಲಸವೇ ಇಲ್ಲ. ಹನ್ನೊಂದು ವರ್ಷ ಒಂದು ತೊಟ್ಟು ನೀರು ಒಳಗೆ ಬಿಡದೆ ಕಾಪಾಡಿದವರ ತಲೆಗೆ ನೀರು ಚೆಲ್ಲಿದ ಅಪವಾದ ಕಟ್ಟುವ ಈ ಮಹನೀಯರಿಗೆ ನಾಚಿಕೆಯಾದರೂ ಆಗಬೇಡವೇ?

ಪ್ರಿನ್ಸಿಪಾಲರನ್ನು ಕೇಳಿದರೆ, "ಅದು ಆಡಳಿತದ ವಿಷಯ," ಎಂದು ಫ್ಯಾನು ಜೋರು ಮಾಡಿದರು. ಮೇಷ್ಟ್ರು ತರಗತಿಯಿದೆ ಎಂದು ಎದ್ದು ಹೋದರು. ಸಾಲಿಗ್ರಾಮದಲ್ಲಿ ಮಹದೇವಯ್ಯನವರು ಮಾತ್ರ ಜಗುಲಿಯಿಂದ ಎದ್ದು ನಿಂತು ಹೇಳಿದರು: "ಆ ಮೇಜು ಕಟ್ಟಿದವನು ನಾನು, ನಿಜ. ಹನ್ನೊಂದು ವರ್ಷ ಓಡಿಸಿದವಳು ಆಕೆ. ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ."

ಬೆಳ್ಳಮ್ಮ ಅಷ್ಟು ಕೂಗಾಡುವವರಲ್ಲ. ಹೆಬ್ಬೆಟ್ಟು ಒತ್ತುತ್ತೀರಾ ಎಂದು ಕೇಳಿದ್ದಕ್ಕೆ ಗಾಲಿ ಒರೆಸುತ್ತಲೇ ಅಡ್ಡಡ್ಡ ತಲೆಯಾಡಿಸಿದರು.

"ಇಲ್ಲ ಕಣ್ರೀ. ಮಾಡ್ದೆ ಇರೋ ತಪ್ಗೆ ಬೆಟ್ಟು ಯಾಕ್ ಕೊಡ್ಲಿ? ನೀರು ಅಂತ ಬರ್ದಿರೋದ ಒಡೆದಾಕ್ಲಿ, ಅಷ್ಟು ಸಾಕು ನಂಗೆ. ನಾಳೆ ಎಂದಿನಂಗೆ ಬತ್ತೀನಿ. ಬೀಗ ಆಕಿದ್ರೆ ಬಾಗ್ಲ ಮುಂದೆ ಕುಂತ್ಕತೀನಿ, ನಾಡಿದ್ದೂ ಕುಂತ್ಕತೀನಿ. ಎಂಟು ಅವೆ ಒಳಗೆ. ಒಂದಲ್ಲ ಒಂದು ನಿಂತೇ ನಿಂತದೆ. ಆವಾಗ ಅವ್ರೇ ಬಂದು ಬಾಗ್ಲು ತಗೀತಾರೆ."