ಹಲಗೆಯ ಕೆಳಗೆ ಕೂತವರು

ಕಿಲ್ಲಾರಿ ಭೂಕಂಪವಾಗಿ ಐದು ವರ್ಷ ಕಳೆದಿತ್ತು. ನನ್ನ ಮಗಳು ಗೌರಿಗೆ ಆಗ ಒಂಬತ್ತು. ಆ ಚಳಿಗಾಲದಲ್ಲಿ ಅವಳ ಶಾಲೆಯಿಂದ ಒಂದು ಕಾಗದ ಬಂತು. ಉದಗೀರದಲ್ಲಿ ನಡೆಯುವ ವಿಭಾಗ ಮಟ್ಟದ ನೃತ್ಯ ಸ್ಪರ್ಧೆಗೆ ಅವಳನ್ನು ಕಳಿಸಲು ಒಪ್ಪಿಗೆ ಇದೆಯೇ ಎಂದು ಕೇಳಿ, ಕೆಳಗೆ ಪಾಲಕರ ಸಹಿಗೆ ಜಾಗ ಬಿಟ್ಟಿದ್ದರು. ಆ ಕಾಗದ ನಮ್ಮ ಮನೆಯಲ್ಲಿ ಎಂಟು ದಿನ ಸಕ್ಕರೆ ಡಬ್ಬಿಯ ಕೆಳಗೇ ಇತ್ತು. ಒಂದು ಸಹಿಗೆ ಎಂಟು ದಿನ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು.

ನಮ್ಮದು ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾ. ಯಜಮಾನರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳ ಬಂದರೆ ಎರಡೂ. ಭೂಕಂಪದ ವರ್ಷ ಗಣಪತಿ ಹಬ್ಬಕ್ಕೆಂದು ನಾನು ಗೌರಿಯನ್ನು ಕರೆದುಕೊಂಡು ಕಿಲ್ಲಾರಿ ಹತ್ತಿರದ ತವರಿಗೆ ಹೋಗಿದ್ದೆ. ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ ಮನೆ ಕುಸಿಯಿತು. ಅಲ್ಲಿಯ ಹಳೆಯ ಮನೆಗಳೆಂದರೆ ಕಲ್ಲಿನ ಗೋಡೆ, ಮೇಲೆ ಮೊಳಗಟ್ಟಲೆ ಮಣ್ಣಿನ ಮಾಳಿಗೆ. ನಾಲ್ಕು ವರ್ಷದ ಗೌರಿ ಎರಡು ತಾಸು ಆ ಮಣ್ಣಿನಡಿ ಇದ್ದಳು. ತೊಲೆಯೊಂದು ಅಡ್ಡ ಬಿದ್ದದ್ದರಿಂದ ಉಳಿದಳು. ನನ್ನ ಅಪ್ಪ ಉಳಿಯಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿ ಬಂತು. ಮಲಗುವಾಗ ತಲೆದೆಸೆಗೆ ನೀರಿನ ಚಂಬು ಇಟ್ಟು, ಅದರ ಬಾಯಿಯ ಮೇಲೆ ಸ್ಟೀಲ್ ಲೋಟ ಓರೆಯಾಗಿ ನಿಲ್ಲಿಸುವುದು. ನೆಲ ಸ್ವಲ್ಪ ಅಲುಗಿದರೂ ಲೋಟ ಬಿದ್ದು ಸಪ್ಪಳವಾಗಬೇಕು, ನಾವು ಎದ್ದು ಅಂಗಳಕ್ಕೆ ಓಡಬೇಕು. ಅಕ್ಕಪಕ್ಕದ ಮನೆಗಳಲ್ಲೂ ಹೀಗೇ ಇತ್ತು. ಬೆಕ್ಕು ಕೆಡವಿದ ಲೋಟಕ್ಕೆ ನಾವು ಎಷ್ಟು ಸಲ ಓಡಿದ್ದೇವೋ ಲೆಕ್ಕವಿಲ್ಲ. ಈ ಕೆಲಸ ನಮ್ಮ ಅತ್ತೆಯದು. ಲೋಟವನ್ನು ಸರಿಯಾಗಿ ಓರೆ ಮಾಡುವುದು ತನಗೊಬ್ಬಳಿಗೇ ಬರುತ್ತದೆ ಎಂಬ ಜಂಬ ಬೇರೆ ಆಕೆಗೆ.

ಗೌರಿ ಶಾಲೆಯಲ್ಲಿ ಕುಣಿಯಲು ಶುರು ಮಾಡಿದ್ದು ಹೇಗೋ ನನಗೆ ಗೊತ್ತಿಲ್ಲ. ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗಿ, ಬಯಲಿನಲ್ಲಿ ಹಾಡು ಹಾಕಿದರೆ ಬೇರೆಯೇ ಆಗುತ್ತಿದ್ದಳು. ಸುಗ್ಗಿಯ ಕುಣಿತವೊಂದನ್ನು ಅವಳ ಬಾಯಿ, ಅಂದರೆ ಶಾಲೆಯ ಟೀಚರ್, ಕಲಿಸಿದ್ದರು. ತಾಲೂಕಿನ ಸ್ಪರ್ಧೆ ಉಮರ್ಗಾದಲ್ಲೇ ನಡೆಯಿತು. ಅಲ್ಲಿ ಮೊದಲ ಸಲ ಹಲಗೆಯ ವೇದಿಕೆ ಹತ್ತಿದಳು. ಮೊಮ್ಮಗಳಿಗೆ ಬಾಯಾರಿದರೆ ಇರಲಿ ಎಂದು ಅತ್ತೆ ನೀರಿನ ಚಂಬು ತಂದಿದ್ದರು. ವೇದಿಕೆಯ ಅಂಚಿಗೆ ಇಟ್ಟರು. ಕೈಗೆ ಐದು ವರ್ಷದ ರೂಢಿ, ಲೋಟವನ್ನು ಓರೆಯಾಗಿಯೇ ಇಟ್ಟರು.

ಗೌರಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಲಗೆ ಅಲುಗಿ ಲೋಟ ಉರುಳಿತು. ಆ ಸಪ್ಪಳಕ್ಕೆ ಹುಡುಗಿ ವೇದಿಕೆಯಿಂದ ಹಾರಿ ಪೆಂಡಾಲದ ಹೊರಗೆ ಓಡಿದಳು. ಅವಳೊಬ್ಬಳೇ ಅಲ್ಲ. ಕೂತಿದ್ದ ಹೆಂಗಸರಲ್ಲಿ ಹತ್ತಿಪ್ಪತ್ತು ಜನ ಮಕ್ಕಳನ್ನು ಎತ್ತಿಕೊಂಡು ಎದ್ದುಬಿಟ್ಟರು, ಅವರೊಡನೆ ನಾನೂ ಎದ್ದಿದ್ದೆ. ಯಾರೂ ನಗಲಿಲ್ಲ. ತೀರ್ಪುಗಾರರು ದೊಡ್ಡ ಮನಸ್ಸು ಮಾಡಿ, ಅವಳಿಗೆ ಬಯಲಿನಲ್ಲೇ ಇನ್ನೊಮ್ಮೆ ಕುಣಿಯಲು ಹೇಳಿದರು. ಕುಣಿದಳು, ಆಯ್ಕೆಯೂ ಆದಳು. ಆದರೆ ಉದಗೀರದಲ್ಲಿ ಹೀಗೆ ನಡೆಯುವುದಿಲ್ಲ, ಎಲ್ಲರೂ ವೇದಿಕೆಯ ಮೇಲೇ ಕುಣಿಯಬೇಕು ಎಂದು ಬಾಯಿ ಸ್ಪಷ್ಟವಾಗಿ ಹೇಳಿ ಕಾಗದ ಕೊಟ್ಟಿದ್ದರು.

ಯಜಮಾನರು ಕಾಗದ ಓದಿ ಮಡಚಿದರು. "ಬ್ಯಾಡ. ಒಮ್ಮೆ ಅಂಜ್ಯಾಳ, ಸಾಕು. ಅಲ್ಲಿ ಸಾವಿರ ಮಂದಿ ಮುಂದ ಹಿಂಗೇ ಓಡಿದ್ರ ಆಕಿ ಮತ್ತ ಜನ್ಮದಾಗ ಕುಣಿಯಂಗಿಲ್ಲ" ಎಂದರು.

"ಕಳಿಸಲಿಲ್ಲಂದ್ರೂ ಕುಣಿಯಂಗಿಲ್ಲಲ್ರೀ" ಎಂದೆ ನಾನು.

ಎಂಟು ದಿನ ಇದೇ ಮಾತು ತಿರುಗಿ ತಿರುಗಿ ಬಂತು. ಅತ್ತೆ ಮಾತ್ರ ತನ್ನ ಲೋಟದಿಂದಲೇ ಹೀಗಾಯಿತೆಂದು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಗೌರಿಯನ್ನು ಕೇಳಿದರೆ ಅವಳು ಹೇಳಿದ್ದು ಒಂದೇ ಮಾತು: "ನಾ ಹೋಗ್ತೀನಿ. ಅಜ್ಜಿ ಚಂಬು ತರಬಾರ್ದು."

ಕೊನೆಗೆ ಸಹಿ ಹಾಕಿದವಳು ನಾನು. ಒಳ್ಳೆಯ ಕಾರಣಕ್ಕೆ ಹಾಕಿದೆ ಎಂದು ಹೇಳಿಕೊಳ್ಳುವಂತಿದ್ದರೆ ಚೆನ್ನಾಗಿತ್ತು. ಗುಂಜೋಟಿಯಿಂದ ನಮ್ಮ ದೂರದ ಸಂಬಂಧಿ ಹೆಂಗಸೊಬ್ಬರು ಸೀರೆ ಖರೀದಿಗೆ ಬಂದವರು ಚಹಾ ಕುಡಿಯುತ್ತ, "ಭೂಕಂಪದ ಹುಡುಗಿ ಅದ, ಅದಕ್ಯಾಕ ಇದೆಲ್ಲ? ಮನ್ಯಾಗ ಸುಮ್ಮ ಇರ್ಲಿ ಬಿಡವಾ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆಕೆ ಹೊಸಿಲು ದಾಟುವುದಕ್ಕೂ ಮೊದಲೇ ಡಬ್ಬಿ ಸರಿಸಿ ಕಾಗದ ಎಳೆದು ಸಹಿ ಹಾಕಿಬಿಟ್ಟೆ. ಯಜಮಾನರು ಸಂಜೆ ಬಂದು ನೋಡಿ, "ನಿನ್ನ ಸಿಟ್ಟು ಕೂಸಿನ ತಲಿಮ್ಯಾಲ ಹಾಕಬ್ಯಾಡ" ಎಂದಷ್ಟೇ ಹೇಳಿದರು. ಆ ಮಾತು ನಿಜವೆಂದು ನನಗೆ ಉದಗೀರದಲ್ಲಿ ಗೊತ್ತಾಯಿತು.

ನಾನು, ಗೌರಿ, ಅತ್ತೆ ಮೂವರೇ ಹೊರಟೆವು. ಬಾಯಿ ಉಳಿದ ಮಕ್ಕಳೊಂದಿಗೆ ಮುಂಚಿನ ಬಸ್ಸಿಗೇ ಹೋಗಿದ್ದರು. ಕಾಸಾರಶಿರಸಿ ದಾಟಿ ನಿಲಂಗಾದಲ್ಲಿ ಬಸ್ ಬದಲಿಸಿದೆವು. ಅತ್ತೆಯ ಕೈಚೀಲ ಉಬ್ಬಿತ್ತು. ಒಳಗೆ ಕೈ ಹಾಕಿ ನೋಡಿದರೆ ಅದೇ ಚಂಬು, ಅದೇ ಲೋಟ.

"ಬ್ಯಾಡಂದಿದ್ದಿಲ್ಲೇನ್ರಿ ಆಕಿ?" ಎಂದೆ.

"ಅರಿವ್ಯಾಗ ಗಂಟು ಕಟ್ಟೀನಿ ನೋಡು. ಉರುಳಂಗಿಲ್ಲ. ಹುಡುಗಿಗಿ ನೀರು ಬ್ಯಾಡೇನು?" ಎಂದರು ಅತ್ತೆ. ಲೋಟವನ್ನು ಚಂಬಿನ ಬಾಯಿಗೆ ಹಳೆಯ ಬಟ್ಟೆಯಿಂದ ಏಳು ಸುತ್ತು ಸುತ್ತಿದ್ದರು.

ಸ್ಪರ್ಧೆ ಒಂದು ದೊಡ್ಡ ಮೈದಾನದಲ್ಲಿತ್ತು. ಎತ್ತರದ ವೇದಿಕೆ, ಕೆಳಗಿನವರೆಗೆ ಇಳಿಬಿಟ್ಟ ಕೆಂಪು ಪರದೆ. ಸ್ಪರ್ಧೆ ಶುರುವಾಗುವ ಮೊದಲು ಮಕ್ಕಳಿಗೆ ಒಮ್ಮೆ ವೇದಿಕೆ ಹತ್ತಿ ನೋಡಲು ಬಿಟ್ಟರು. ಗೌರಿ ಮೆಟ್ಟಿಲು ಹತ್ತಿ ಒಂದು ಕಾಲಿಟ್ಟಳು. ಹಲಗೆ ತುಸು ಬಾಗಿತು. ಇಟ್ಟ ಕಾಲನ್ನು ಹಿಂದೆಗೆದು ಇಳಿದು ಹೋಗಿ, ಬೇವಿನ ಗಿಡದ ಕೆಳಗೆ ಕೂತಳು. "ನಾ ಒಲ್ಲೆ. ಮನಿಗಿ ಹೋಗಾಮು" ಎಂದಳು.

ನಾನು ಮೊದಲು ರಮಿಸಿದೆ. ಆಮೇಲೆ ಬೈದೆ. ಇಷ್ಟು ದೂರ ಬಂದದ್ದು ಯಾರ ಸಲುವಾಗಿ, ಊರಲ್ಲಿ ಏನೆಂದು ಮುಖ ತೋರಿಸುವುದು ಎಂದೆಲ್ಲ ಅಂದೆ. ಕೈ ಕೂಡ ಎತ್ತಿದೆ. ಎತ್ತಿದ ಕೈಯನ್ನು ನೋಡಿ ಅವಳು ಕಣ್ಣು ಮುಚ್ಚಿಕೊಂಡು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಮಣ್ಣಿನಡಿಯಿಂದ ತೆಗೆದಾಗ ಹುಡುಗಿ ಹಾಗೇ ಇದ್ದಳು. ನನ್ನ ಕೈ ತಾನಾಗಿ ಇಳಿಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆಗ ಹತ್ತಿರದಲ್ಲಿ ಹಗ್ಗ ಸುತ್ತುತ್ತಿದ್ದ ಒಬ್ಬರು ಬಂದು ನಿಂತರು. ಅರವತ್ತರ ಆಸುಪಾಸು, ಬಿಳಿ ಗಡ್ಡ, ಮಾಸಿದ ಲುಂಗಿ, ಸೊಂಟಕ್ಕೆ ಸಿಕ್ಕಿಸಿದ ಸುತ್ತಿಗೆ. ಪೆಂಡಾಲ ಹಾಕುವವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

"ಯಾಕ ತಾಯಿ, ತಾಯಿ ಮಗಳು ಇಬ್ರೂ ಅಳ್ಲತ್ತೀರಿ?" ಎಂದರು. ಅತ್ತೆಯೇ ಎಲ್ಲ ಹೇಳಿದರು. ಲೋಟದ ತಪ್ಪನ್ನೂ ಬಿಡದೆ ಹೇಳಿದರು. ಅವರು ಕೇಳಿಸಿಕೊಂಡು ಗೌರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬೇಟಿ, ಆ ಹಲಗಿ ಕೆಳಗ ಏನದ ನೋಡಿದ್ದೇನು?"

ಗೌರಿ ಇಲ್ಲವೆಂದು ತಲೆಯಾಡಿಸಿದಳು.

"ನೋಡ್ಲಾರ್ದೇ ಹ್ಯಾಂಗ ಗೊತ್ತಾಗ್ಬೇಕು? ನಡಿ, ತೋರಸ್ತೀನಿ."

ಅವರು ಕೆಂಪು ಪರದೆ ಎತ್ತಿ ಹಿಡಿದರು. ಒಳಗೆ ಕತ್ತಲೆ, ಧೂಳು. ಹುಡುಗಿ ಹೋಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಬಗ್ಗಿ ನೋಡಿದಳು. ಚಾಚಾ ಒಂದೊಂದನ್ನೂ ತೋರಿಸಿ ಹೇಳಿದರು. ಇವು ಹಲಗಿ ಹೊತ್ತ ಕಬ್ಬಿಣದ ಡ್ರಮ್ಮು, ಹದಿನಾರು ಅವ. ಇವು ಅಡ್ಡ ಬಲ್ಲಿ, ಗಟ್ಟಿ ಕಟ್ಟಿಗಿ ಗಳ. ಈ ಗಂಟು ನಾ ಹಾಕೀನಿ, ಎಳೆದು ನೋಡು. ಗೌರಿ ಎಳೆದು ನೋಡಿದಳು. ಗಂಟು ಜಗ್ಗಲಿಲ್ಲ. ಆಮೇಲೆ ಅವರು ಮೇಲೆ ಹತ್ತಿ, ಆ ವಯಸ್ಸಿನಲ್ಲಿ, ಲುಂಗಿ ಎತ್ತಿ ಕಟ್ಟಿ ಧಬಧಬ ಹಾರಿ ತೋರಿಸಿದರು. ವೇದಿಕೆಯ ಹತ್ತಿರವಿದ್ದ ಮಕ್ಕಳೆಲ್ಲ ನಕ್ಕವು. ಗೌರಿ ಪರದೆ ಎತ್ತಿ ಕೆಳಗಿನ ಡ್ರಮ್ಮುಗಳನ್ನೇ ನೋಡುತ್ತಿದ್ದಳು.

"ಅಲುಗೋದು ಹಲಗಿ, ಬೇಟಿ. ಭೂಮಿ ಅಲ್ಲ" ಎಂದರು ಇಳಿದು ಬಂದು.

"ಬಿದ್ರ?" ಎಂದಳು ಅವಳು.

"ಬಿದ್ರ ಮೊದಲ ಕೆಳಗಿದ್ದವನ ಮ್ಯಾಲ ಬೀಳ್ತದ. ನೀ ಕುಣಿಯೋತನ ನಾ ಕೆಳಗ ಕುಂದರ್ತೀನಿ. ಬೀಳೋ ಹಂಗಿದ್ರ ನಾ ಯಾಕ ಕುಂದರ್ತೀನಿ, ಹೇಳು?"

"ನೀವು ಕೆಳಗ ಇದ್ದೀರಂತ ನನಗ ಹ್ಯಾಂಗ ಗೊತ್ತಾಗ್ಬೇಕು?" ಎಂದಳು ಗೌರಿ. ವ್ಯಾಪಾರಿಯ ಮಗಳಲ್ಲವೇ, ಬರೀ ಬಾಯಿಮಾತಿಗೆ ಒಪ್ಪುವವಳಲ್ಲ.

ಚಾಚಾ ಗಂಭೀರವಾಗಿ ಯೋಚಿಸಿದರು. "ನೀ ಹಿಮ್ಮಡಿಲಿಂದ ಮೂರು ಸಲ ಬಡಿ. ನಾ ಕೆಳಗಿಂದ ಮೂರು ಸಲ ಬಡೀತೀನಿ. ಆಮ್ಯಾಲೇ ಕುಣಿ."

ಅವಳ ಸರದಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಚಾಚಾ ಹಗ್ಗ ಪಕ್ಕಕ್ಕಿಟ್ಟು, ನನ್ನ ಕಡೆ ನೋಡದೆ, ಪರದೆ ಎತ್ತಿ ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ. ಗೌರಿ ಮೆಟ್ಟಿಲು ಹತ್ತಿ ನಡುವೆ ನಿಂತಳು. ಕ್ಯಾಸೆಟ್ಟು ಹಾಕಿದರು. ಹಾಡು ಶುರುವಾಯಿತು, ಅವಳು ಕದಲಲಿಲ್ಲ. ಜನ ಗುಸುಗುಸು ಮಾಡತೊಡಗಿದರು. ಅತ್ತೆ ಮಡಿಲಲ್ಲಿದ್ದ ಚಂಬನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದರು. ಎಲ್ಲ ನನ್ನ ಸಹಿಯಿಂದ ಆದದ್ದು, ಈಗಲೇ ಹೋಗಿ ಎತ್ತಿಕೊಂಡು ಬಂದುಬಿಡಲೇ ಎಂದು ನಾನು ಅರ್ಧ ಎದ್ದಿದ್ದೆ.

ಆಗ ಗೌರಿ ಬಲಗಾಲಿನ ಹಿಮ್ಮಡಿಯಿಂದ ಮೂರು ಸಲ ಬಡಿದಳು. ಧ್ವನಿವರ್ಧಕದ ಗದ್ದಲದಲ್ಲಿ ಕೆಳಗಿನ ಉತ್ತರ ನನಗೆ ಕೇಳಿಸಲಿಲ್ಲ. ಅವಳ ಕಾಲಿಗೆ ಕೇಳಿಸಿತು. ಮುಖದ ಬಿಗಿ ಸಡಿಲಿತು, ಹಾಡಿನ ಎರಡನೆಯ ಸಾಲಿಗೆ ಸರಿಯಾಗಿ ಕೈ ಎತ್ತಿದಳು.

ನನ್ನ ಮಗಳು ಕುಣಿದಳು. ಹಲಗೆ ಅಲುಗುತ್ತಿತ್ತು, ಅವಳು ಕುಣಿಯುತ್ತಿದ್ದಳು. ನನಗೆ ಅರ್ಧ ಕುಣಿತ ಕಾಣಲೇ ಇಲ್ಲ, ಕಣ್ಣು ತುಂಬಿತ್ತು. ಉಳಿದರ್ಧ ಹೊತ್ತು ನಾನು ನೋಡಿದ್ದು ಆ ಕೆಂಪು ಪರದೆಯನ್ನು.

ಬಹುಮಾನ ಬರಲಿಲ್ಲ. ಹಾಡಿನ ಮೊದಲ ಸಾಲಿನುದ್ದಕ್ಕೂ ಸುಮ್ಮನೆ ನಿಂತಿದ್ದಕ್ಕೆ ಅಂಕ ಹೋದವು ಎಂದು ಬಾಯಿ ಹೇಳಿದರು. ಗೌರಿಗೆ ಅದು ಕಿವಿಗೇ ಬೀಳಲಿಲ್ಲ. ಕೆಳಗಿಳಿದವಳೇ ಅಜ್ಜಿಯ ಏಳು ಸುತ್ತಿನ ಗಂಟು ಬಿಚ್ಚಿ ಚಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದಳು.

ನಾನು ಪರದೆಯ ಹತ್ತಿರ ಓಡಿದೆ. ಚಾಚಾ ತಲೆಗೆ ಗಡ್ಡಕ್ಕೆಲ್ಲ ಜೇಡರ ಬಲೆ ಹತ್ತಿಸಿಕೊಂಡು ಹೊರಬಂದರು. ಮೈಯೆಲ್ಲ ಬೆವೆತಿತ್ತು. ಡಿಸೆಂಬರ್ ಚಳಿಯಲ್ಲಿ ಇಷ್ಟೊಂದು ಬೆವರು ಯಾಕೆಂದು ನನಗೆ ತಿಳಿಯಲಿಲ್ಲ. ಪಕ್ಕದ ಗಾಡಿಯಿಂದ ಚಹಾ ತಂದು ಕೊಟ್ಟೆ.

"ಆರಾಮ ಇದ್ದೀರಿಲ್ರೀ ಚಾಚಾ?" ಎಂದೆ.

ಅವರು ಎರಡು ಗುಟುಕು ಕುಡಿದು ಹೇಳಿದರು. "ಭೂಕಂಪದಾಗ ಮಂದಿಗಿ ತಂಬು ಹಾಕಲಾಕ ನನ್ನ ಬಲ್ಲಿ, ತಾಡಪತ್ರಿ ಎಲ್ಲಾ ತಗೊಂಡು ಕಿಲ್ಲಾರಿ ಕಡಿ ಹೋಗಿದ್ದೆ ತಾಯಿ. ಹದಿನೈದು ದಿವಸ ಇದ್ದೆ. ಅಲ್ಲಿಂದ ಬಂದ ಮ್ಯಾಲ ಛತ್ತಿನ ಕೆಳಗ ನನಗ ನಿದ್ದಿ ಇಲ್ಲ. ಹೊರಗೇ ಮಲಗ್ತೀನಿ. ಈ ಹಲಗಿ ಕೆಳಗೂ ಹುಡುಗರನ್ನೇ ಕಳಸ್ತೀನಿ, ನಾ ಹೋಗಂಗಿಲ್ಲ."

"ಮತ್ತ ಇವತ್ತು?" ಎಂದೆ.

"ಕೂಸು ಮ್ಯಾಲಿತ್ತಲ್ಲ" ಎಂದರು. ಕಪ್ಪು ನನ್ನ ಕೈಗೆ ಕೊಟ್ಟು, ಯಾರೋ ಕರೆದರೆಂದು ಹೊರಟುಹೋದರು. ಅವರ ಹೆಸರು ಕೇಳಬೇಕೆಂದು ನನಗೆ ನೆನಪಾದದ್ದು ಬಸ್ಸು ನಿಲಂಗಾ ಬಿಟ್ಟ ಮೇಲೆ. ಎರಡು ವರ್ಷದ ನಂತರ ಉದಗೀರಕ್ಕೆ ಹೋದಾಗ ವಿಚಾರಿಸಿದೆ. ಗಡ್ಡದ ಚಾಚಾ ಎಂದರೆ ಊರಲ್ಲಿ ನೂರು ಜನ. ಸಿಗಲಿಲ್ಲ. ಆ ಋಣ ಹಾಗೇ ಉಳಿದಿದೆ, ಅದನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ. ಸಿಟ್ಟಿನಿಂದ ಸಹಿ ಹಾಕಿ ಹುಡುಗಿಯನ್ನು ಮೇಲೆ ಹತ್ತಿಸಿದವಳು ನಾನು. ಕೆಳಗೆ ಕೂತವರು ಅವರು.

ಗೌರಿಗೆ ಈಗ ಎಂಟು ವರ್ಷದ ಮಗಳಿದ್ದಾಳೆ. ಹೋದ ತಿಂಗಳು ನಮ್ಮ ಮನೆಗೆ ಬಂದಾಗ ಆ ಮೊಮ್ಮಗಳ ಶಾಲೆಯಿಂದಲೂ ಅಂಥದೇ ಒಂದು ಕಾಗದ ಬಂದಿತ್ತು, ಈಗಿನ ಕಾಲಕ್ಕೆ ತಕ್ಕಂತೆ ಮೊಬೈಲಿನಲ್ಲಿ. ಅಳಿಯಂದಿರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸ್ಪರ್ಧಾಕ್ಕ ಕಳಿಸಾಮೋ ಬ್ಯಾಡೋ, ನೀವೇನಂತೀರಿ ಅತ್ತಿ?" ಎಂದು ಕೇಳಿದರು.

ನಾನು ಚಪಾತಿ ಲಟ್ಟಿಸುತ್ತಿದ್ದೆ. "ಸಹಿ ಏನು, ಯಾರರೇ ಹಾಕ್ತಾರ. ಕೆಳಗ ಕುಂದರೋರು ಯಾರಂತ ಮೊದಲ ನೋಡ್ರಿ" ಎಂದೆ. ಪಾಪ, ಅವರು ತಲೆಬುಡ ತಿಳಿಯದೆ ಹೆಂಡತಿಯ ಮುಖ ನೋಡಿದರು. ಕೊತ್ತಂಬರಿ ಸೋಸುತ್ತ ನಿಂತಿದ್ದ ಗೌರಿ ನೆಲಕ್ಕೆ ಹಿಮ್ಮಡಿಯಿಂದ ಮೂರು ಸಲ ಬಡಿದಳು. ನಾನು ಲಟ್ಟಣಿಗೆಯಿಂದ ಮಣೆಯ ಮೇಲೆ ಮೂರು ಸಲ ಬಡಿದೆ.