ಸೈಕಲ್ ಏರಿ ಬಂದ ಚೌಡಮ್ಮ

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ನನ್ನ ಎದೆಯಲ್ಲೊಂದು ಗಂಟು ಕಾಣಿಸಿತು. ತಿಪಟೂರಿನ ಡಾಕ್ಟರು ನೋಡಿ, ತಡಮಾಡದೆ ಬೆಂಗಳೂರಿಗೆ ಹೋಗಿ ಎಂದರು. ಕ್ಯಾನ್ಸರ್ ಎಂದು ಗೊತ್ತಾದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ದಿನಾ ದೀಪ ಹಚ್ಚಿದ್ದಕ್ಕೆ ಇದೇನಾ ನಿನ್ನ ಬಹುಮಾನ ಎಂದು ಹೊನ್ನವಳ್ಳಿಯ ನಮ್ಮ ತೋಟದ ಪಕ್ಕದ ಚೌಡಮ್ಮನ ಗುಡಿಯಲ್ಲಿ ನಿಂತು ಜಗಳವಾಡಿದೆ. ಆಪರೇಷನ್ ಆಯಿತು, ಕೀಮೋ ಆಯಿತು, ತಲೆ ಬೋಳಾಯಿತು. ಚೌಡಮ್ಮ ನನ್ನ ಜಗಳವನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ನನ್ನನ್ನು ಉಳಿಸಿದಳು. ಆದರೆ ನಾನೀಗ ಬರೆಯಲು ಕೂತಿರುವುದು ಜಯಮ್ಮನ ವಿಷಯ.

ಜಯಮ್ಮ ಹುಳಿಯಾರಿನ ಆಚೆಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆಯ ಸೊಸೆ. ನಾನು ತಪಾಸಣೆಗೆ ಹೋಗಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದಳು. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಹತ್ತಿರ ಸರಿದು ಕೂತಳು. ನನಗೆ ಬಂದಿದ್ದ ಕಾಯಿಲೆಯೇ ಅವಳಿಗೂ. ಕೀಮೋ ಹಾಕಿಸಿಕೊಂಡು, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದು, ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ಕೊನೆಗೆ ಹಟ್ಟಿಗೆ ನಡೆದು ಹೋಗುತ್ತಿದ್ದಳು. ಒಂದು ದಿನ ಬರುವುದನ್ನೇ ಬಿಟ್ಟಳು. ಫೋನ್ ಮಾಡಿದೆ.

"ಬುಡಕ್ಕ, ನಮ್ಮತ್ತೆ ಸಾಕು ಅಂದವ್ರೆ. ನಂಗೂ ಆ ಬಸ್ಸು ನೆನೆಸ್ಕಂಡ್ರೇ ಹೊಟ್ಟೆ ತೊಳಸ್ತೈತೆ."

ಚಿಕಿತ್ಸೆ ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ನನಗೆ ಗೊತ್ತು. ಗುಡಿಗೆ ಹೋಗಿ, "ತಾಯಿ, ಅವಳನ್ನು ಹೇಗಾದರೂ ಮಾಡಿ ಆಸ್ಪತ್ರೆಗೆ ವಾಪಸ್ ಕಳಿಸು. ನನ್ನೊಬ್ಬಳನ್ನೇ ಉಳಿಸಿಕೊಂಡು ಏನು ಮಾಡುತ್ತೀಯ?" ಎಂದು ಬೇಡಿಕೊಂಡೆ.

ನಮ್ಮ ಭಾಗದ ರೋಗಿಗಳನ್ನು ಕರೆದೊಯ್ದು ಕರೆತರಲು ಒಂದು ವ್ಯಾನು ಇದ್ದರೆ ಎನ್ನಿಸಿತು. ಹೈಸ್ಕೂಲಿಗೆ ಸೈಕಲ್ ತುಳಿದು ಹೋದವಳು ನಾನು. ಗುಣವಾದ ಕೆಲವರನ್ನೂ ತಿಪಟೂರಿನ ಕಾಲೇಜು ಮಕ್ಕಳನ್ನೂ ಸೇರಿಸಿ, ಹುಳಿಯಾರಿನವರೆಗೆ ಸೈಕಲ್ ಜಾಥಾ ಮಾಡಿ ಹಣ ಕೂಡಿಸೋಣ ಎಂದೆ.

"ಕೈ ನೋವು ಅಂತ ಬಿಂದಿಗೆ ಎತ್ತಲ್ಲ, ಸೈಕಲ್ ತುಳೀತೀಯೇನೇ?" ಎಂದರು ನಮ್ಮ ಯಜಮಾನರು.

"ಬಿಂದಿಗೆ ನೀವು ಎತ್ತಿ, ಸೈಕಲ್ ನಾನು ತುಳೀತೀನಿ" ಎಂದೆ. ಅವರು ನಕ್ಕು ಒಪ್ಪಿದರು.

ಹೊರಡುವಾಗ ಚೌಡಮ್ಮನ ಫೋಟೋಗೆ ಹೂ ಮುಡಿಸಿ ನನ್ನ ಹ್ಯಾಂಡಲ್ಲಿಗೆ ಕಟ್ಟಿದೆ. ಎಡವಟ್ಟಾದದ್ದು ಅಲ್ಲಿಯೇ. ಮೊದಲನೇ ಊರಿನಲ್ಲೇ ಹೆಂಗಸರು ಕೊಡದಲ್ಲಿ ನೀರು ತಂದು ನನ್ನ ಸೈಕಲ್ಲಿನ ಚಕ್ರಕ್ಕೆ ಹೊಯ್ದು, ಅರಿಶಿನ ಕುಂಕುಮ ಇಟ್ಟರು. ಅಮ್ಮ ಊರಾಡುತ್ತ ಬಂದಿದ್ದಾಳೆ ಎಂದು ಮನೆಮನೆಯಿಂದ ತೆಂಗಿನಕಾಯಿ ತಂದರು. ಇದು ಕ್ಯಾನ್ಸರ್ ರೋಗಿಗಳಿಗಾಗಿ ಎಂದು ವಿವರಿಸಿದೆ. "ಅದೂ ಅಮ್ಮನ ಕೆಲ್ಸಾನೇ ಅಲ್ವೇನವ್ವ, ಇಡ್ಕ" ಎಂದು ಒಬ್ಬ ಅಜ್ಜ ಇನ್ನೆರಡು ಕಾಯಿ ಕೈಗಿತ್ತರು. ಸೈಕಲ್ಲಿನ ಮೇಲೆ ಕಾಯಿ ಹೊರುವುದು ಹೇಗೆ? ಯಜಮಾನರು ಲಗೇಜ್ ಆಟೋ ತಂದು ಹಿಂದೆ ಬಂದರು. ಊರು ದಾಟಿದಂತೆ ಆಟೋ ತುಂಬಿತು, ಕಾಣಿಕೆ ಡಬ್ಬಿ ಮಾತ್ರ ಹಗುರವಾಗಿಯೇ ಇತ್ತು. ನನಗೆ ರೇಗಿತು. ವ್ಯಾನು ಕೇಳಿದರೆ ಕಾಯಿ ಕೊಡುತ್ತೀಯಲ್ಲ ತಾಯಿ ಎಂದು ಗೊಣಗುತ್ತಲೇ ತುಳಿದೆ.

ಸಂಜೆಗೆ ಹುಳಿಯಾರು ದಾಟಿ ಜಯಮ್ಮನ ಹಟ್ಟಿ ತಲುಪಿದೆವು. ಅವಳು ತೀರಾ ಸೊರಗಿದ್ದಳು. ಫೋಟೋ ನೋಡಿದವಳೇ ಒಳಗೆ ಹೋಗಿ, ತೊಲೆಗೆ ಕಟ್ಟಿದ್ದ ಹಳದಿ ಬಟ್ಟೆಯ ಮುಡುಪು ಬಿಚ್ಚಿ ತಂದಳು. ಒಳಗೆ ಸಿಪ್ಪೆ ಸಮೇತ ಒಂದು ಕಾಯಿ. ಅಮ್ಮ ನನ್ನನ್ನು ಉಳಿಸಿದ ಕಥೆಯನ್ನು ನಾನು ಆಸ್ಪತ್ರೆಯಲ್ಲಿ ಹೇಳಿದ್ದು ಕೇಳಿ, ವಾಸಿಯಾದರೆ ಒಪ್ಪಿಸುತ್ತೇನೆಂದು ನಮ್ಮ ಚೌಡಮ್ಮನ ಹೆಸರಲ್ಲೇ ಕಟ್ಟಿದ್ದಳಂತೆ.

"ಅಮ್ಮನೇ ಬಾಗ್ಲಿಗೆ ಬಂದವ್ಳೆ. ಇಲ್ಲೇ ಒಪ್ಪಿಸ್ಬುಡ್ತೀನಿ ಕಣಕ್ಕ. ನಾನು ಅಲ್ಲಿಗಂಟ ಬರೋದು ಇನ್ನೆಲ್ಲಿ" ಎಂದಳು.

ನಾನು ಕೈ ಚಾಚಲಿಲ್ಲ. ಆಗ ಜಗಲಿಯ ಮೇಲಿದ್ದ ಅವಳ ಅತ್ತೆ ಎದ್ದು ಬಂದರು. ಆಸ್ಪತ್ರೆ ಸಾಕು ಎಂದಿದ್ದವರು ಇವರೇ.

"ತಡಿಯೇ. ವಾಸಿಯಾದ್ರೆ ಅಂತ ಕಟ್ಟಿರೋ ಮುಡುಪು. ವಾಸಿಯಾಗ್ದಂಗೆ ಒಪ್ಪಿಸಿದ್ರೆ ಅಮ್ಮಂಗೆ ಸುಳ್ಳು ಹೇಳ್ದಂಗೆ."

"ಹಂಗಾರೆ ಏನ್ಮಾಡ್ಲಿ ಅತ್ತೆ?"

"ಏನ್ಮಾಡ್ತೀಯ? ಹೋಗಿ ವಾಸಿ ಮಾಡ್ಕಂಡು ಬಾ."

ಹೀಗೆಂದವರು ಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ, ತಾವೇ ಮತ್ತೆ ತೊಲೆಗೆ ಕಟ್ಟಿದರು. ಡಾಕ್ಟರು, ನಾನು, ಅವಳ ಗಂಡ, ಯಾರು ಹೇಳಿದರೂ ಬಗ್ಗದಿದ್ದ ಆ ಹೆಂಗಸು ಮುಡುಪಿನ ಮುಂದೆ ಬಗ್ಗಿದರು. ಹ್ಯಾಂಡಲ್ಲಿಗೆ ಕಟ್ಟಿದ ಫೋಟೋದಿಂದ ಆ ಎಡವಟ್ಟಾಗದಿದ್ದರೆ ಆ ಮುಡುಪು ಹೊರಗೆ ಬರುತ್ತಲೇ ಇರಲಿಲ್ಲ. ಇದನ್ನು ಅಮ್ಮನ ಕೃಪೆ ಎನ್ನದೆ ಬೇರೇನೆನ್ನಲಿ?

ಕಾಯಿಗಳನ್ನು ತಿಪಟೂರಿನ ವರ್ತಕರೊಬ್ಬರು ಒಳ್ಳೆಯ ಬೆಲೆಗೆ ಕೊಂಡರು. ಆ ಹಣದಲ್ಲಿ ಒಂದು ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದೆವು. ಅದರಲ್ಲಿ ಮೊದಲು ಹತ್ತಿದವಳು ಜಯಮ್ಮ, ಪಕ್ಕದಲ್ಲಿ ಅವಳ ಅತ್ತೆ.

ಮೊನ್ನೆ ಶುಕ್ರವಾರ ಅತ್ತೆ ಸೊಸೆ ಇಬ್ಬರೂ ನಮ್ಮ ಗುಡಿಗೆ ಬಂದಿದ್ದರು. ಚಿಕಿತ್ಸೆ ಮುಗಿದಿದೆ, ರಿಪೋರ್ಟು ಚೆನ್ನಾಗಿದೆ. ಜಯಮ್ಮ ತಾನೇ ಕಾಯಿ ಒಡೆದಳು. ನೀರಿರಲಿಲ್ಲ. ಅಷ್ಟು ತಿಂಗಳು ತೊಲೆಯಲ್ಲಿ ತೂಗಿ ಒಳಗೇ ಉಂಡೆ ಕೊಬ್ಬರಿಯಾಗಿತ್ತು. ಪೂಜಾರಪ್ಪ ಅದನ್ನೇ ಹೆಚ್ಚಿ ಪ್ರಸಾದ ಕೊಟ್ಟರು. ಕೀಮೋ ಆದವರ ಬಾಯಿಗೆ ಎಷ್ಟೋ ದಿನ ಅನ್ನವೂ ಒಂದೇ ಮಣ್ಣೂ ಒಂದೇ. ಜಯಮ್ಮ ಚೂರನ್ನು ನಿಧಾನವಾಗಿ ಅಗಿಯುತ್ತ ನಿಂತಿದ್ದಳು.

"ಅಕ್ಕ, ಸಿಹಿ ಗೊತ್ತಾಗ್ತೈತೆ ಕಣಕ್ಕ" ಎಂದಳು.

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ತಾಯಿ, ನಿನಗೆ ಕೋಟಿ ನಮಸ್ಕಾರ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಿದ್ದರೆ, ನಾಳೆಯೇ ಹೊರಡಿ. ಅಮ್ಮ ನಿಮ್ಮ ಜೊತೆಗೇ ಬರುತ್ತಾಳೆ.